ಹದ್ದಿನ ಗೂಡಿನಲ್ಲಿರುವ ವಿಗ್ಗನ್ನು ವಾಪಸು ಪಡೆಯುವ ಕುರಿತು

ಇಂದ:
ನಂದೀಶ್, ಶ್ರೀರಾಂಪುರ

ಗೆ:
ಮಾನ್ಯ ಹದ್ದಮ್ಮನವರು,
ಮಳೆಮರದ ತುದಿಕೊಂಬೆ,
ಸರ್ಕಲ್ ನಡುವಿನ ಟ್ರಾಫಿಕ್ ದ್ವೀಪ, ಮಲ್ಲೇಶ್ವರಂ

ವಿಷಯ: ಅರ್ಜಿದಾರನ ತಲೆಯಿಂದ ಎತ್ತಿಕೊಂಡು ಹೋದ ವಿಗ್ಗನ್ನು ಭಾನುವಾರದ ಹೆಣ್ಣು ನೋಡುವ ಶಾಸ್ತ್ರಕ್ಕೆ ಮೊದಲು ಮರಳಿಸುವ ಬಗ್ಗೆ.

ಉಲ್ಲೇಖ: "ಮೇಲಿನವರನ್ನ ಕೇಳ್ರೀ" ಎಂಬ ಮೂರು ಕಚೇರಿಗಳ ಮೌಖಿಕ ಆದೇಶ.

ಮಾನ್ಯರೇ,

1. ಸದರಿ ಅರ್ಜಿದಾರನಿಗೆ ಕೂದಲು ಚಿಕ್ಕ ವಯಸ್ಸಿನಲ್ಲೇ ಕೈಕೊಟ್ಟಿತು. "ಬೋಳ್ ತಲೆಗೆ ಯಾರೋ ಹೆಣ್ ಕೊಡ್ತಾರೆ" ಎಂದು ತಾಯಿ ಅಂಜಿನಮ್ಮನವರು ವಿಗ್ಗು ಹಾಕಿಸಿ ಫೋಟೊ ತೆಗೆಸಿದರು. ಅದು ವಿಶಾಖಾ ಎಂಬುವರಿಗೆ ಒಪ್ಪಿಗೆಯಾಯಿತು. ವಿಶಾಖಾ ಅವರ ಫೋಟೊವಂತೂ ಅರ್ಜಿದಾರನ ಜೇಬು ಬಿಟ್ಟು ಕದಲಿಲ್ಲ. ಒಳ್ಳೆಯ ಎತ್ತರದ ಹುಡುಗಿ.

2. ಮಟನ್ ಅಂಗಡಿಯ ಸೊಣ್ಣಪ್ಪನವರು ಎಸೆಯುವ ಕೊಬ್ಬಿನ ಚೂರುಗಳನ್ನು ತಾವು ಗಾಳಿಯಲ್ಲೇ ಹಿಡಿಯುತ್ತೀರಿ. ಹೆಸರಿಗೆ ಬೇಟೆಯ ಹಕ್ಕಿ, ಊಟವೆಲ್ಲ ಬಿಟ್ಟಿ. ಇದಕ್ಕೆ ಅರ್ಜಿದಾರನ ಆಕ್ಷೇಪಣೆಯಿಲ್ಲ. ಆದರೆ ಕಳೆದ ವಾರ ತಾವು ಚೂರು ಬಿಟ್ಟು, ಅಲ್ಲೇ ನಡೆದುಹೋಗುತ್ತಿದ್ದ ಅರ್ಜಿದಾರನ ವಿಗ್ಗಿಗೆ ಎರಗಿದಿರಿ. "ಸತ್ತ ಹೆಗ್ಗಣ ಅಂದ್ಕೊಂಡಿರತ್ತೆ ಬಿಡಿ ಸಾರ್" ಎಂದು ಸೊಣ್ಣಪ್ಪ ಸಮಾಧಾನ ಹೇಳಿದರು. ಸಮಾಧಾನವಾಗಲಿಲ್ಲ.

3. ಸದ್ಯ ಅದು ತಮ್ಮ ಗೂಡಿನ ಹಾಸಿಗೆಯಾಗಿದೆ. ಹರಿದ ಬ್ಯಾನರು, ಯಾರದೋ ಕಾಲುಚೀಲ, ಇವುಗಳ ನಡುವೆ ಅರ್ಜಿದಾರನ ಕ್ರಾಪು.

4. ದ್ವೀಪ ನಮ್ಮದು, ಮರ ನಮ್ಮದಲ್ಲ ಎಂದರು ರಸ್ತೆಯವರು. ಮರ ನಮ್ಮದು, ಗೂಡು ನಮ್ಮದಲ್ಲ ಎಂದರು ಮರದವರು. ಗೂಡು ನಮಗೆ ಸೇರಿದ್ದೇ, ಆದರೆ ಮೊಟ್ಟೆಯಿರುವಾಗ ಮುಟ್ಟುವಂತಿಲ್ಲ ಎಂದರು ವನ್ಯಜೀವಿಯವರು. ವಿಗ್ಗು ಯಾರದೆಂದು ಮಾತ್ರ ಯಾರೂ ಕೇಳಲಿಲ್ಲ. ಮೂವರೂ ಮೇಲಿನವರನ್ನು ಕೇಳಲು ಹೇಳಿದರು. ವಿಚಾರಿಸಲಾಗಿ, ಅವರೆಲ್ಲರಿಗಿಂತ ಮೇಲಿರುವವರು ತಾವೊಬ್ಬರೇ. ಕಾರಣ, ಈ ಅರ್ಜಿ.

5. ವಿಶಾಖಾ ಅವರು ದಿನವೂ ಇದೇ ಸರ್ಕಲ್‌ನಲ್ಲಿ ಬಸ್ಸು ಹತ್ತುತ್ತಾರೆಂದು ತಿಳಿದುಬಂದಿದೆ. ನಿಜ ತಲೆ ಕಂಡರೆ ಬೇಡವೆಂದುಬಿಡುತ್ತಾರೆ ಎಂಬ ಭಯದಿಂದ ಅರ್ಜಿದಾರನಿಗೆ ಊಟ ಸೇರುತ್ತಿಲ್ಲ. ಆದ್ದರಿಂದ ಅವರ ಕಣ್ಣಿಗೆ ಬೀಳದಂತೆ ಈ ಅರ್ಜಿಯನ್ನು ತುದಿಗಾಲಲ್ಲಿ ನಿಂತು ಮರದ ಕಾಂಡಕ್ಕೆ ಅಂಟಿಸಲಾಗಿದೆ. ಫೋಟೊದ ಪ್ರಕಾರ ಅವರು ಎತ್ತರದವರಾದ ಕಾರಣ, ಇನ್ನೊಂದು ಗೇಣು ಮೇಲಕ್ಕೇ.

ಆದ್ದರಿಂದ ತಾವು ದಯಮಾಡಿ ಸದರಿ ವಿಗ್ಗನ್ನು ಶನಿವಾರದೊಳಗೆ ಕೆಳಗೆ ಬಿಡಬೇಕಾಗಿಯೂ, ಮೊಟ್ಟೆಗಳಿಗೆ ಚಳಿಯಾಗುವಂತಿದ್ದಲ್ಲಿ ತಾಳಿ ಕಟ್ಟುವವರೆಗಾದರೂ ಅದನ್ನು ಬೀಳಿಸದೆ ಗುಟ್ಟು ಕಾಪಾಡಬೇಕಾಗಿಯೂ ಕೋರಲಾಗಿದೆ.

ಸದಾ ತಮ್ಮ ಕೆಳಗಿರುವ ವಿಶ್ವಾಸಿ,
ನಂದೀಶ್

ಲಗತ್ತುಗಳು:
ಅ) ವಿಗ್ಗು ಸಹಿತ ಫೋಟೊ
ಆ) ವಿಗ್ಗು ರಹಿತ ಫೋಟೊ (ಗೌಪ್ಯ)
ಇ) ಕೊಬ್ಬಿನ ಚೂರು. ಲಂಚವೆಂದು ಭಾವಿಸಬಾರದು.

ಷರಾ (ಅರ್ಜಿಯ ಅಂಚಿನಲ್ಲಿ, ನೀಲಿ ಪೆನ್ನಿನಲ್ಲಿ):

ಹದ್ದಿಗೆ ಕೈ ಮುಗೀತಾ ನಿಂತಿದ್ದೋರ್ನ ಬಸ್ ಸ್ಟಾಪಿಂದ ದಿನಾ ನೋಡ್ತಿದ್ದೆ. ನೀವೇ ಅಂತ ಈಗ ಗೊತ್ತಾಯ್ತು. ವಿಗ್ಗು ಅವಳ ಹತ್ರಾನೇ ಇರ್ಲಿ, ಪಾಪ, ಬಾಣಂತಿ. ಭಾನುವಾರ ನೀವು ಹಾಗೇ ಬನ್ನಿ. ಇಷ್ಟು ಮೇಲೆ ಅಂಟಿಸಿದ್ದಕ್ಕೆ ಮನೆಯಿಂದ ಸ್ಟೂಲ್ ತಂದು ಓದ್ಬೇಕಾಯ್ತು. ಫೋಟೊದಲ್ಲಿ ನನ್ನ ಸೀರೆ ಕೆಳಗೆ ಇರೋದೂ ಇದೇ ಸ್ಟೂಲು.
ವಿಶಾಖಾ