ಹತ್ತೊಂಬತ್ತು ಸಾವಿರದ ಮಿಕ್ಸಿ, ಪುಕ್ಕಟೆ ಕೈ

ತ್ಯಾವಣಿಗೆಯ ಸಾವಂತ್ರಮ್ಮನಿಗೆ ಕೂಲಿ ಬಾಕಿ ಇದೆ. ಬಾಕಿ ಇಟ್ಟವನು ಸಾಹುಕಾರನಲ್ಲ, ಸರ್ಕಾರವೂ ಅಲ್ಲ. ಕೂಲಿಗಾರರ ಪರವಾಗಿ ಗಂಟಲು ಹರಿದುಕೊಂಡ ಅವಳ ಸ್ವಂತ ಗಂಡ, ರೈತ ಸಂಘದ ರೇವಣ್ಣ!

ಮೂವತ್ತು ವರ್ಷಗಳಿಂದ ರೇವಣ್ಣ ಎಲ್ಲಿ ಧರಣಿ ಕೂತರೂ ಊಟ ಹೋಗಿದ್ದು ಇವಳ ಒಲೆಯಿಂದ. ಚನ್ನಗಿರಿ ತಾಲ್ಲೂಕು ಕಚೇರಿಯ ಮುಂದೆ ಚಿತ್ರಾನ್ನ. ನ್ಯಾಮತಿ ಗೊಬ್ಬರದಂಗಡಿಯ ಮುಂದೆ ರೊಟ್ಟಿ, ಶೇಂಗಾ ಚಟ್ನಿ. ಹೊನ್ನಾಳಿ ಸೇತುವೆಯ ಮೇಲೆ ರಸ್ತೆ ತಡೆದ ದಿನ ಮೊಸರನ್ನ. ಅವತ್ತು ಬಂಧಿಸಲು ಬಂದ ಪೊಲೀಸರೂ ಉಂಡು, ಕೈತೊಳೆದು, ಆಮೇಲೆ ಬಂಧಿಸಿದ್ದರು. ಭಾಷಣದ ಕೊನೆಗೆ ರೇವಣ್ಣ ಶಾಮಿಯಾನದವನಿಗೆ ಧನ್ಯವಾದ ಹೇಳುತ್ತಿದ್ದ, ಮೈಕಿನವನಿಗೆ ಹೇಳುತ್ತಿದ್ದ. ಬುತ್ತಿ ಕಟ್ಟಿದವಳಿಗೆ ಅದೂ ಇಲ್ಲ!

ಇಂಥ ಸಾವಂತ್ರಮ್ಮನಿಗೆ ಮೊದಲ ಸಲ ದೊಡ್ಡ ಆರ್ಡರು ಬಂತು. ಕೆರೆಬಿಳಚಿಯ ದುರ್ಗಾಂಬಿಕಾ ತನ್ನ ಮೊಮ್ಮಗನ ನಾಮಕರಣಕ್ಕೆ ಬಂದವರಿಗೆಲ್ಲ ಒಂದೊಂದು ಪೊಟ್ಟಣ ಶೇಂಗಾ ಚಟ್ನಿಪುಡಿ ಹಂಚುವವಳಿದ್ದಳು. ಸೋಮವಾರಕ್ಕೆ ಹತ್ತು ಕೆ.ಜಿ. ಬೇಕು. ಎರಡೂವರೆ ಸಾವಿರ ಮುಂಗಡ ಕೊಟ್ಟು ಹೋದಳು. ಅವಳ ಆಟೋ ತಿರುವು ದಾಟುವಷ್ಟರಲ್ಲಿ ಸಾವಂತ್ರಮ್ಮನ ಹಳೇ ಮಿಕ್ಸಿ ಸುಟ್ಟ ವಾಸನೆ ಬಿಟ್ಟು, ಎರಡು ಸಲ ಗೊರಗೊರ ಅಂದು, ಕಣ್ಮುಚ್ಚಿತು.

ಸಾವಂತ್ರಮ್ಮ ಮುಂಗಡವನ್ನು ಹಾಗೇ ಗಂಡನ ಕೈಗಿಟ್ಟಳು. "ಚಿತ್ತಪ್ಪನ ಅಂಗಡಿಯಾಗೆ ಒಂದು ಸಾದಾ ಮಿಕ್ಸಿ ತಗೊಂಬರ್ರಿ. ಸೋಮವಾರ ಪುಡಿ ಕೊಡ್ಲಿಲ್ಲ ಅಂದ್ರೆ ಇನ್ನೊಂದ್ಸಲ ಯಾರೂ ನಂಗೆ ಆರ್ಡರ್ ಕೊಡಲ್ಲ."

ರೇವಣ್ಣ ಎದೆ ಉಬ್ಬಿಸಿದ. "ಸಾದಾ ಮಿಕ್ಸಿನಾ? ಲೇ ಸಾವಂತ್ರಿ, ಮೂವತ್ತು ವರ್ಷದ ನಿನ್ನ ಬಾಕೀನ ಒಂದೇ ಏಟಿಗೆ ತೀರಿಸ್ತೀನಿ ಕಣೇ! ಈ ಜಿಲ್ಲೆಯಾಗೆ ಯಾರ ಮನೇಲೂ ಇಲ್ಲದ ಮಿಕ್ಸಿ ತರ್ತೀನಿ, ನೋಡ್ತಿರು!"

"ಯಾರ ಮನೇಲೂ ಇಲ್ಲದ್ದು ಬ್ಯಾಡ್ರಿ. ಎಲ್ಲಾರ ಮನೇಲೂ ಇರೋದು ತರ್ರಿ. ಅದು ರುಬ್ತೈತೆ."

ಚಿತ್ತಪ್ಪನ ಅಂಗಡಿಯಲ್ಲಿ ಮಿಕ್ಸಿ ಇತ್ತು. ಡಬ್ಬದ ಮೇಲೆ ಎಂಆರ್‌ಪಿ ಎರಡು ಸಾವಿರದ ಆರುನೂರು, ಕೊಡುವುದು ಎರಡು ಸಾವಿರದ ನಾನೂರಕ್ಕೆ. "ಬರೀ ಇನ್ನೂರು ಬಿಡ್ತೀಯಾ?" ಎಂದು ರೇವಣ್ಣ ಮುಖ ಸಿಂಡರಿಸಿದ. "ಅಣ್ಣಾ, ಅದು ಇರೋ ರೇಟೇ ಅಷ್ಟು," ಎಂದ ಚಿತ್ತಪ್ಪ. ಇನ್ನೂರು ರೂಪಾಯಿಯ ಗೆಲುವನ್ನು ರೇವಣ್ಣನಂಥ ಹೋರಾಟಗಾರ ಗೆಲುವೆಂದು ಒಪ್ಪಿಕೊಳ್ಳುತ್ತಾನೆಯೇ? ಎದ್ದು ಹೊನ್ನಾಳಿ ಬಸ್ಸು ಹತ್ತಿದ.

ಇಲ್ಲಿ ಒಂದು ಮಾತು. ಎಂಆರ್‌ಪಿ ಎಂದರೆ ರೇವಣ್ಣನಿಗೆ ದೇವರ ಮೇಲಾಣೆ. ಹಿಂದೊಮ್ಮೆ ನ್ಯಾಮತಿಯಲ್ಲಿ ಯೂರಿಯಾ ಚೀಲಕ್ಕೆ ಎಂಆರ್‌ಪಿಗಿಂತ ಹೆಚ್ಚು ಕೀಳುತ್ತಿದ್ದಾಗ ಅಂಗಡಿಯ ಬಾಗಿಲಿಗೆ ಅಡ್ಡ ಮಲಗಿದವನು ಅವನು. "ಎಂಆರ್‌ಪಿಗಿಂತ ಒಂದು ಪೈಸೆ ಹೆಚ್ಚು ಕೊಡೆವು!" ಎಂಬ ಘೋಷಣೆ ಅವನದ್ದೇ. ಅಂಗಡಿಯವನು ಸೋತ, ಚೀಲದ ಮೇಲಿನ ಅಂಕಿ ಗೆದ್ದಿತು. ಅವತ್ತಿನಿಂದ ಯಾವ ಡಬ್ಬದ ಮೇಲೆ ಎಂಆರ್‌ಪಿ ಕಂಡರೂ ಅದು ಸತ್ಯ, ಅದೇ ವಸ್ತುವಿನ ನಿಜವಾದ ಬೆಲೆ. ಅದಕ್ಕಿಂತ ಹೆಚ್ಚು ಕೇಳಿದವನು ಕಳ್ಳ. ಅದಕ್ಕಿಂತ ಸಾವಿರಗಟ್ಟಲೆ ಕಡಿಮೆಗೆ ಕೊಟ್ಟವನು? ಅಂಥವನನ್ನು ರೇವಣ್ಣ ಜೀವಮಾನದಲ್ಲಿ ಕಂಡಿರಲಿಲ್ಲ.

ಹೊನ್ನಾಳಿಯ ಒಂದು ಕಲ್ಯಾಣ ಮಂಟಪದಲ್ಲಿ ಕಂಡ! "ಮಹಾ ಮಿಕ್ಸಿ ಮೇಳ" ಎಂಬ ಬಟ್ಟೆ ಕಟ್ಟಿತ್ತು. ಒಳಗೆ ಟೈ ಕಟ್ಟಿದ ಒಬ್ಬ ಆಸಾಮಿ ಮೈಕಿನಲ್ಲಿ ಕೂಗುತ್ತಿದ್ದ.

"ಎಂಆರ್‌ಪಿ ಹದಿನೆಂಟು ಸಾವಿರದ ಒಂಬೈನೂರ ತೊಂಬತ್ತೊಂಬತ್ತು! ಇವತ್ತೊಂದು ದಿನ ಮಾತ್ರ ಎರಡೂವರೆ ಸಾವಿರ! ಬ್ಲೂಟೂತ್ ಐತೆ, ಎಫ್‌ಎಂ ಐತೆ, ಏಳು ಬಣ್ಣದ ಲೈಟ್ ಐತೆ! ಫೋನ್ ಬಂದ್ರೆ ಇದರಾಗೇ ಕೇಳಿಸ್ತೈತೆ ಯಜಮಾನ್ರೇ!"

ಮಿಕ್ಸಿ ಕೊಳ್ಳಲು ಹೋದ ಯಾರಾದರೂ ಕೇಳುವ ಪ್ರಶ್ನೆ, "ರುಬ್ತೈತಾ?" ರೇವಣ್ಣ ಕೇಳಿದ್ದು, "ಎಂಆರ್‌ಪಿ ಅಚ್ಚಾಗೈತಾ?"

"ನೀವೇ ನೋಡ್ರಿ."

ಅಚ್ಚಾಗಿತ್ತು! ದಪ್ಪ ಕಪ್ಪಕ್ಷರದಲ್ಲಿ! ಹದಿನಾರು ಸಾವಿರಕ್ಕೂ ಮೇಲೆ ಬಿಟ್ಟುಕೊಡುವ ವ್ಯಾಪಾರಿ! ಮೂವತ್ತು ವರ್ಷ ತಾನು ಬೀದಿಯಲ್ಲಿ ಮಲಗಿ ಕೇಳಿದ್ದನ್ನು ಈ ಪುಣ್ಯಾತ್ಮ ಟೈ ಕಟ್ಟಿಕೊಂಡು ನಿಂತು ಕೊಡುತ್ತಿದ್ದಾನೆ! ರೇವಣ್ಣನ ಕಣ್ಣು ತುಂಬಿ ಬಂತು. ತನ್ನ ಹೆಗಲ ಹಸಿರು ಶಾಲು ತೆಗೆದು ಅವನ ಕೊರಳಿಗೆ ಹಾಕಿದ. "ನೀನು ನಮ್ಮವನಪ್ಪಾ!" ಎಂದು ತಬ್ಬಿಕೊಂಡ. ಟೈನವನು ಒಂದು ಕ್ಷಣ ಗಾಬರಿಯಾದ. ಮರುಕ್ಷಣ ಹಲ್ಲು ಕಿರಿದು, ಶಾಲನ್ನು ಇನ್ನೊಮ್ಮೆ ಹಾಕಿಸಿಕೊಂಡು ಇಬ್ಬರ ಫೋಟೊ ತೆಗೆಸಿದ.

ಬಸ್ಸಿನಲ್ಲಿ ರೇವಣ್ಣ ಡಬ್ಬವನ್ನು ಬಾಣಂತಿ ಕೂಸನ್ನು ಹಿಡಿದಂತೆ ತೊಡೆಯ ಮೇಲಿಟ್ಟುಕೊಂಡ. ಎಂಆರ್‌ಪಿ ಇದ್ದ ಬದಿ ಹೊರಗಡೆಗೆ!

ಮನೆಗೆ ಬಂದದ್ದೇ ಪಕ್ಕದ ಮನೆಯ ಅಂಜಿನಮ್ಮನನ್ನು ಸಾಕ್ಷಿಗೆ ಕರೆದು, ಫೋನಿಗೂ ಮಿಕ್ಸಿಗೂ ಬ್ಲೂಟೂತಿನ ಗಂಟು ಹಾಕಿ, ಗುಂಡಿ ಒತ್ತಿದ. ಕೆಂಪು ಲೈಟು, ನೀಲಿ ಲೈಟು, ಹಳದಿ ಲೈಟು! ಅಡುಗೆಮನೆ ಆರ್ಕೆಸ್ಟ್ರಾ ಆಯಿತು. "ವೆಲ್‌ಕಮ್" ಎಂದಿತು ಮಿಕ್ಸಿ. ಅಂಜಿನಮ್ಮ ಕೈ ಮುಗಿದಳು.

ಸಾವಂತ್ರಮ್ಮ ಹುರಿದ ಶೇಂಗಾ ಹಾಕಿದಳು. ಬ್ಲೇಡು ತಿರುಗಿತು. ಶೇಂಗಾ ಜಾರಿನೊಳಗೆ ಗುಡಿ ಸುತ್ತಿದಂತೆ ನಿಧಾನಕ್ಕೆ ಪ್ರದಕ್ಷಿಣೆ ಬಂತು. ಒಂದು ಬೀಜವೂ ಒಡೆಯಲಿಲ್ಲ. "ಸ್ಪೀಡ್ ಜಾಸ್ತಿ ಮಾಡು," ಎಂದು ರೇವಣ್ಣ ತಾನೇ ಗುಂಡಿ ತಿರುಗಿಸಿದ. ಹಾಡಿನ ಸದ್ದು ಜಾಸ್ತಿಯಾಯಿತು! ಇನ್ನೊಂದು ಗುಂಡಿ ಒತ್ತಿದ. ಮುಚ್ಚಳ ಹಾರಿತು. ಶೇಂಗಾ ಸೂರಿಗೆ ಬಡಿದು ಮಳೆಯಾಗಿ ಸುರಿಯಿತು. ಅಂಜಿನಮ್ಮನ ತುರುಬಿನಲ್ಲಿ ಒಂದು ಹಿಡಿ, ರೇವಣ್ಣನ ಜೇಬಿನಲ್ಲಿ ಒಂದು ಹಿಡಿ.

"ಹಾಡ್ತೈತೆ, ಲೈಟ್ ಹಾಕ್ತೈತೆ, ಬಂದೋರಿಗೆಲ್ಲ ಸ್ವಾಗತ ಮಾಡ್ತೈತೆ," ಎಂದಳು ಸಾವಂತ್ರಮ್ಮ. "ಕೆಲಸ ಒಂದು ಬಿಟ್ಟು ಎಲ್ಲಾ ಬರ್ತೈತೆ. ಥೇಟ್ ನಿಮ್ಮಂಗೇ ಐತೆ ಬಿಡ್ರಿ."

"ಹತ್ತೊಂಬತ್ತು ಸಾವಿರದ ವಸ್ತು ಕಣೇ! ನಮ್ಮಂಥ ಬಡವರ ಮನೆಗೆ ಹೊಂದ್ಕೊಳ್ಳಾಕೆ ಅದಕ್ಕೂ ಟೈಮ್ ಬೇಕು!"

ಅಷ್ಟರಲ್ಲಿ ಫೋನು ಬಂತು. ಜಗಳೂರಿನ ತಿಪ್ಪೇರುದ್ರ, ಸಂಘದಲ್ಲಿ ರೇವಣ್ಣನ ಬಲಗೈ. ರೇವಣ್ಣ ಮರ್ಯಾದೆ ಉಳಿಸಿಕೊಳ್ಳಲು ಫೋನು ಹಿಡಿದು ಹಿತ್ತಲಿಗೆ ಹೋಗಿ, ಅಡುಗೆಮನೆಯ ಕಿಟಕಿಯ ಕೆಳಗೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತ. ಫೋನು ಇನ್ನೂ ಮಿಕ್ಸಿಗೇ ಅಂಟಿಕೊಂಡಿದೆ ಎಂಬುದು ಅವನಿಗೆ ಮರೆತೇಹೋಗಿತ್ತು. ತಿಪ್ಪೇರುದ್ರನ ದನಿ ಹೊರಟಿದ್ದು ಅಡುಗೆಮನೆಯ ಮಿಕ್ಸಿಯಿಂದ. ಕಿಟಕಿಯಿಂದ ತೂರಿ ಬಂದ ಅದನ್ನು ಕೇಳಿ ರೇವಣ್ಣ, 'ಅಬ್ಬಾ, ಇವತ್ತು ಸಿಗ್ನಲ್ ಎಷ್ಟು ಚೆನ್ನಾಗೈತೆ!' ಎಂದುಕೊಂಡ.

"ರೇವಣ್ಣಾ, ಕೆಟ್ವಿ!" ಎಂದಿತು ಮಿಕ್ಸಿ. "ಜಗಳೂರಿನಾಗೂ, ನ್ಯಾಮತಿಯಾಗೂ ಮಿಕ್ಸಿ ಮೇಳ ಹಾಕಿ, ನಿನ್ನ ಫೋಟೊ ವಾಟ್ಸಾಪಿನಾಗೆ ಬಿಟ್ಟಾರೆ! ಟೈ ಕಟ್ಟಿದೋನಿಗೆ ನೀನು ಶಾಲು ಹಾಕ್ತಿರೋ ಫೋಟೊ. 'ರೈತ ನಾಯಕರೇ ಮೆಚ್ಚಿದ ಮಿಕ್ಸಿ' ಅಂತ ಬರ್ದಾರೆ. ನಿನ್ನ ಮುಖ ನೋಡಿ ನಾನೂ ತಗೊಂಡೆ, ನಮ್ಮ ಸಂಘದೋರೆಲ್ಲ ತಗೊಂಡ್ರು. ಒಂದು ಮೆಣಸಿನಕಾಯೂ ಪುಡಿ ಆಗವಲ್ದು!"

ರೇವಣ್ಣನ ಬಾಯಿಗೆ ಮೊದಲು ಬಂದ ಮಾತು, "ನಿಂಗೆ ಎಷ್ಟಕ್ಕೆ ಬಿತ್ತೋ?"

"ಸಾವಿರದ ಎಂಟುನೂರು."

"ಎಂಆರ್‌ಪಿ?"

"ಇಪ್ಪತ್ನಾಲ್ಕು ಸಾವಿರ."

"ಅಯ್ಯಯ್ಯೋ! ಅಂದ್ರೆ ನಿಂಗೆ ಇಪ್ಪತ್ತೆರಡು ಸಾವಿರ ಉಳೀತಲ್ಲೋ! ನಂಗೆ ಬರೀ ಹದಿನಾರು! ಮೋಸ ಆತು ಕಣೋ ನಂಗೆ!"

"ಉಳಿದಿದ್ದು ಆಮೇಲೆ ಮಾತಾಡಾನ. ನಿಮ್ಮನೆ ಮಿಕ್ಸಿ ರುಬ್ತೈತಾ, ಹೇಳು."

ರೇವಣ್ಣ ದನಿ ತಗ್ಗಿಸಿದ. ಅವನು ತಗ್ಗಿಸಿದ ದನಿ ಎಂದರೆ ಮೈಕಿಲ್ಲದ ಭಾಷಣದಷ್ಟು. "ಇಲ್ಲ ಕಣೋ. ನಮ್ಮನೆಯಾಕೆ ಮುಂದೆ ಬಾಯಿ ಬಿಡಬ್ಯಾಡ. ಚಟ್ನಿಪುಡಿ ಹೆಂಗೋ ಒರಳಾಗೆ ಕುಟ್ಕೋತಾಳೆ. ಅವಳ ಕೈಗೇನು ಕೂಲಿನಾ, ಕರೆಂಟಾ? ಪುಕ್ಕಟೆ!"

"ಪುಕ್ಕಟೆನಾ?"

"ಹೂಂ ಕಣೋ, ಪುಕ್ಕಟೆ! ಅದಿರ್ಲಿ, ನಿನ್ನ ದನಿ ಯಾಕೆ ಹೆಂಗಸಿನಂಗೆ ಕೇಳ್ತೈತೆ?"

ಕತ್ತೆತ್ತಿ ನೋಡಿದರೆ ಕಿಟಕಿಯಲ್ಲಿ ಸಾವಂತ್ರಮ್ಮ! ಅವಳ ಹಿಂದೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡ ಅಂಜಿನಮ್ಮ! ಸಾವಂತ್ರಮ್ಮ ಬೈಯಲಿಲ್ಲ. ಬೈದಿದ್ದರೆ ರೇವಣ್ಣನಿಗೆ ನಿದ್ದೆಯಾದರೂ ಬರುತ್ತಿತ್ತು.

ಮರುದಿನ ಭಾನುವಾರ. ಬೆಳಿಗ್ಗೆ ರೇವಣ್ಣ ಕಾಫಿ ಲೋಟ ಎತ್ತುವಾಗ ಮನೆಯ ಮುಂದೆ ಟೆಂಪೊ ನಿಂತಿತು. ಜಗಳೂರಿನವರು, ಹಿಂದೆಯೇ ನ್ಯಾಮತಿಯವರು. ಎಲ್ಲರ ಕಂಕುಳಲ್ಲೂ ಒಂದೊಂದು ಮಿಕ್ಸಿ. ಟೈನವನ ಫೋನು ಸ್ವಿಚ್ ಆಫ್. ಸಿಕ್ಕವನು ಶಾಲು ಹಾಕಿದವನೊಬ್ಬನೇ. ಜಮಖಾನ ಹಾಸಿದರು. ತಿಪ್ಪೇರುದ್ರನೇ ಮುಂದೆ ನಿಂತು ಮುಷ್ಟಿ ಎತ್ತಿದ.

"ಮೋಸದ ಮಿಕ್ಸಿಗೆ ಶಾಲು ಹಾಕಿದ ರೇವಣ್ಣನಿಗೆ..."

"ಧಿಕ್ಕಾರ!" ಎಂದು ಎಲ್ಲರಿಗಿಂತ ಜೋರಾಗಿ ಕೂಗಿದ್ದು ಬಾಗಿಲಲ್ಲಿ ನಿಂತಿದ್ದ ರೇವಣ್ಣ! ಮೂವತ್ತು ವರ್ಷದ ಅಭ್ಯಾಸ, ಮುಷ್ಟಿ ತಾನಾಗೇ ಮೇಲೆದ್ದಿತ್ತು. ಕೂಗಿದ ಮೇಲೆ ಹೆಸರು ತನ್ನದೆಂದು ತಿಳಿಯಿತು.

ಬಿಸಿಲೇರಿತು. ಘೋಷಣೆ ಸಣ್ಣಗಾಯಿತು. ಎಲ್ಲರ ಕಣ್ಣೂ ಅಡುಗೆಮನೆಯ ಕಡೆ ಹೊರಳಿತು. ಧರಣಿ ಯಾರ ಮೇಲಾದರೇನು, ಊಟ ಸಾವಂತ್ರಮ್ಮನದಲ್ಲವೇ! ಒಳಗಿನಿಂದ ಎಣ್ಣೆಗಾಯಿಯ ವಾಸನೆ ಬಂತು. ಅದರ ಹಿಂದೆ ಸಾವಂತ್ರಮ್ಮ ಬಂದಳು. ಕೈಯಲ್ಲಿ ಮಿಕ್ಸಿ ಡಬ್ಬದಿಂದ ಹರಿದ ರಟ್ಟು, ಅದರ ಮೇಲೆ ಇದ್ದಿಲಿನ ಅಕ್ಷರ: "ರೊಟ್ಟಿ ಊಟ. ಎಂಆರ್‌ಪಿ 999. ಇವತ್ತು ಮಾತ್ರ 99."

ಧರಣಿ ದಂಗಾಯಿತು.

"ಅಕ್ಕಾ, ಧರಣಿ ಊಟಕ್ಕೂ ದುಡ್ಡಾ?" ಎಂದ ತಿಪ್ಪೇರುದ್ರ.

"ಒಂಬೈನೂರು ಬಿಡ್ತಿದೀನಲ್ಲ ತಮ್ಮಾ!"

ತಿಪ್ಪೇರುದ್ರ ಮನಸ್ಸಿನಲ್ಲೇ ಕಳೆದು ನೋಡಿದ. ಮುಖ ಅರಳಿತು. "ಹೌದಲ್ವಾ!" ಸಾಲು ನಿಂತಿತು, ನೂಕಾಟವಾಯಿತು. ಇಷ್ಟು ವರ್ಷ ಪುಕ್ಕಟೆ ಉಂಡು ಉಪ್ಪು ಕಡಿಮೆ ಎನ್ನುತ್ತಿದ್ದವರು ಈಗ ಎರಡು ಬೆರಳಿನಲ್ಲಿ ಎಣ್ಣೆಗಾಯಿ ಎತ್ತಿ, ಕಣ್ಣು ಮುಚ್ಚಿ, "ಏನು ರುಚಿ ಐತಲೇ! ಸಾವಿರ ರೂಪಾಯಿ ಊಟ ಅಂದ್ರೆ ಸುಮ್ನೇನಾ!" ಎಂದರು. ನ್ಯಾಮತಿಯವನೊಬ್ಬ ಎರಡು ಊಟ ಕೊಂಡು, ತನಗೆ ಸಾವಿರದ ಎಂಟುನೂರು ಉಳಿಯಿತೆಂದು ಮನೆಗೆ ಫೋನು ಮಾಡಿ ಹೇಳಿದ!

ಕಟ್ಟಕಡೆಗೆ ರೇವಣ್ಣ ತಟ್ಟೆ ಹಿಡಿದು ಬಂದ.

"ಒಂಬೈನೂರ ತೊಂಬತ್ತೊಂಬತ್ತು," ಎಂದಳು ಸಾವಂತ್ರಮ್ಮ.

"ಏಯ್! ಅವರಿಗೆಲ್ಲ ತೊಂಬತ್ತೊಂಬತ್ತು ಅಂದೆ!"

"ಆಫರ್ ಗಿರಾಕಿಗಳಿಗೆ ರೀ. ನೀವು ಹೋರಾಟಗಾರರು. ಎಂಆರ್‌ಪಿಗಿಂತ ಒಂದು ಪೈಸೆ ಹೆಚ್ಚು ತಗೊಳ್ಳಲ್ಲ, ಹೆದರಬ್ಯಾಡ್ರಿ."

"ಎರಡು ರೊಟ್ಟಿಗೆ ಸಾವಿರ ರೂಪಾಯಿ ಎಂಆರ್‌ಪಿ ಹಾಕಿದೋರು ಯಾರೇ?"

"ನಾನೇ. ಮಾರೋರೇ ತಾನೆ ರೀ ಹಾಕೋದು? ನಿಮಗೆ ಗೊತ್ತಿರ್ಲಿಲ್ವಾ?"

ಅರವತ್ತೆರಡು ವರ್ಷದ ರೇವಣ್ಣ ಮಿಕ್ಸಿಯ ಡಬ್ಬ ನೋಡಿದ. ಇದ್ದಿಲಿನ ರಟ್ಟು ನೋಡಿದ. ಎರಡೂ ಒಂದೇ ರಟ್ಟು, ಎರಡರ ಮೇಲೂ ಮಾರುವವರದ್ದೇ ಅಕ್ಷರ! ಹೊನ್ನಾಳಿಯಲ್ಲಿ ಉಳಿದ ಹದಿನಾರು ಸಾವಿರ ಅವನ ಕಣ್ಣೆದುರೇ ಆವಿಯಾಗಿ ಹೋಯಿತು.

"ಜೇಬಾಗೆ ದುಡ್ಡಿಲ್ಲ ಕಣೇ," ಎಂದ, ಸಣ್ಣ ದನಿಯಲ್ಲಿ. ಈ ಸಲ ನಿಜವಾಗಿಯೂ ಸಣ್ಣ ದನಿ.

"ದುಡ್ಡು ಇಲ್ಲದಿದ್ರೆ ಏನಾತು? ಒರಳು ಐತೆ, ಒನಕೆ ಐತೆ, ಹತ್ತು ಕೆ.ಜಿ. ಶೇಂಗಾ ಹುರಿದು ಇಟ್ಟೀನಿ. ಕುಟ್ರಿ. ನಿಮ್ಮ ಕೈ ಪುಕ್ಕಟೆ ಅಲ್ಲ, ಊಟದ ಲೆಕ್ಕಕ್ಕೆ ಕೂಲಿ ಮುರ್ಕೋತೀನಿ."

ರೇವಣ್ಣ ಪಂಚೆ ಎತ್ತಿ ಕಟ್ಟಿ ಕುಟ್ಟಿದ. ಮೊದಲ ಕೆ.ಜಿ.ಗೆ ಭುಜ ಬಿತ್ತು, ಮೂರನೆಯದಕ್ಕೆ ಸೊಂಟ. ತಿಪ್ಪೇರುದ್ರ ಆ ಮಿಕ್ಸಿಯನ್ನು ತಂದು ಪಕ್ಕದಲ್ಲಿಟ್ಟು, ತನ್ನ ಫೋನಿನಲ್ಲಿದ್ದ ರೇವಣ್ಣನ ಹಳೇ ಭಾಷಣ ಹಚ್ಚಿದ. "ದುಡಿದವರಿಗೆ ಕೂಲಿ ಕೊಡಿ! ಇವತ್ತೇ ಕೊಡಿ! ಇಲ್ಲೇ ಕೊಡಿ!" ಎಂದು ಏಳು ಬಣ್ಣದ ಲೈಟು ಹಾಕಿಕೊಂಡು ಮಿಕ್ಸಿ ಗರ್ಜಿಸಿತು. ಆ ಮಿಕ್ಸಿ ಮಾಡಿದ ಉಪಯೋಗದ ಕೆಲಸ ಅದೊಂದೇ.

ಸೋಮವಾರ ದುರ್ಗಾಂಬಿಕಾ ಬಂದು, ಪುಡಿ ನಾಲಿಗೆಗಿಟ್ಟು, "ಮಿಕ್ಸಿದಲ್ಲ ಅಲ್ವಾ ಇದು?" ಎಂದಳು. "ಒರಳಿಂದು. ನಾಯಕರೇ ಕುಟ್ಟಿದ್ದು," ಎಂದು ಸಾವಂತ್ರಮ್ಮ ಕೆ.ಜಿ.ಗೆ ಐವತ್ತು ಏರಿಸಿದಳು. ದುರ್ಗಾಂಬಿಕಾ ನಗುನಗುತ್ತಾ ಕೊಟ್ಟಳು, ದೀಪಾವಳಿಗೆ ಇನ್ನಷ್ಟು ಬೇಕೆಂದಳು. ಅದೇ ದುಡ್ಡಿನಲ್ಲಿ ಸಾವಂತ್ರಮ್ಮ ಚಿತ್ತಪ್ಪನ ಅಂಗಡಿಗೆ ತಾನೇ ನಡೆದು ಹೋಗಿ ಸಾದಾ ಮಿಕ್ಸಿ ತಂದಳು. ಅದು ಹಾಡುವುದಿಲ್ಲ. ರುಬ್ಬುತ್ತದೆ.

ರೇವಣ್ಣನ ಭುಜಕ್ಕೆ ಇನ್ನೂ ಎಣ್ಣೆ ತಿಕ್ಕುತ್ತಿದ್ದಾರೆ. ಅವನು ಕುಟ್ಟಿದ್ದು ಒಂದು ಊಟದ ಲೆಕ್ಕಕ್ಕೆ ಸರಿಹೋಯಿತು. ಮೂವತ್ತು ವರ್ಷದ ಬಾಕಿ ಹಾಗೇ ಇದೆ.

ಅವನದು ಅವನು ತೀರಿಸಲಿ. ಕಾಲು ಚಾಚಿ ಇದನ್ನು ಓದಿ ನಗುತ್ತಾ ಕೂತಿದ್ದೀರಲ್ಲ, ನಿಮ್ಮದೆಲ್ಲಿ? ಇವತ್ತು ನೀವು ಉಂಡ ತಟ್ಟೆಗೆ ಬೆವರು ಸುರಿಸಿದವರು ಯಾರು? ಏಳಿ. ಅಡುಗೆಮನೆಗೆ ಹೋಗಿ. "ಎಂಆರ್‌ಪಿ ಎಷ್ಟು?" ಎಂದು ಕೇಳಿ. ಹೇಳಿದಷ್ಟನ್ನು ಇವತ್ತೇ, ಅಲ್ಲೇ, ಎಣಿಸಿ ಕೊಡಿ. ಆಫರ್ ಕೇಳಿದಿರೋ, ಒನಕೆ ಮೂಲೆಯಲ್ಲೇ ಇರುತ್ತದೆ!