ಸಮುದ್ರ ಕೋಡಿ ಬಿದ್ದ ವರ್ಷ

ಸಮುದ್ರದ ವಿಷಯದಲ್ಲಿ ನನಗೆ ತಿಳಿಯದ್ದು ಏನೂ ಇಲ್ಲ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ನಾನು ಸಮುದ್ರವನ್ನು ನೋಡಿರಲಿಲ್ಲ, ನಿಜ. ಆದರೆ ಕೆರೆ ನೋಡಿದ್ದೆ. ಮಧುಗಿರಿ, ಶಿರಾ, ಕೊರಟಗೆರೆ, ಮೂರು ತಾಲ್ಲೂಕುಗಳ ಕೆರೆ ನೋಡಿದ್ದೆ. ಹುಣಸೆಹಣ್ಣಿನ ವ್ಯಾಪಾರದವನು ಕಾಲಿಟ್ಟ ಕಡೆಯೆಲ್ಲ ಒಂದು ಕೆರೆ ಇದ್ದೇ ಇರುತ್ತದೆ. ಅದರಲ್ಲಿ ನೀರಿರುತ್ತದೆಯೇ ಎಂಬುದು ಬೇರೆ ಮಾತು. ಕೆರೆಗೆ ಆಚೆ ದಡ ಕಾಣುತ್ತದೆ, ಸಮುದ್ರಕ್ಕೆ ಕಾಣುವುದಿಲ್ಲವಂತೆ. ಇಷ್ಟೇ ತಾನೇ ವ್ಯತ್ಯಾಸ!

ಈ ಪಾಂಡಿತ್ಯವೇ ನನ್ನ ಮಾನ ಕಳೆಯಿತು.

ನನ್ನ ಹೆಂಡತಿ ಪಾರ್ವತಿ ಸಮುದ್ರದ ದಂಡೆಯವಳು. ಸಂಬಂಧದಲ್ಲಿ ದೂರದವಳಲ್ಲ, ಸೋದರಮಾವನ ಮಗಳೇ. ನಮ್ಮ ಅಮ್ಮನ ಅಣ್ಣ ಹರೆಯದಲ್ಲಿ ಹುಣಸೆಹಣ್ಣಿನ ಗಾಡಿಗಳ ಜೊತೆ ಘಟ್ಟ ಇಳಿದು ಹೋದವನು, ಕಡಲ ದಂಡೆಯ ಒಂದು ಸಣ್ಣ ಹಳ್ಳಿಯಲ್ಲಿ ಅಂಗಡಿ ಇಟ್ಟು ಅಲ್ಲಿಯೇ ಉಳಿದುಬಿಟ್ಟ. ಮಗಳನ್ನು ಮಾತ್ರ ತಂಗಿಯ ಮನೆಗೇ ಕೊಟ್ಟ. ನಮ್ಮೂರು ಹೊಳವನಹಳ್ಳಿಯ ಪಕ್ಕದ ಪುಟ್ಟ ಹಳ್ಳಿ. ಪಾರ್ವತಿ ಬಂದ ಹೊಸತರಲ್ಲಿ ಅವಳ ಮಾತು ಕೇಳಲೆಂದೇ ಹೆಂಗಸರು ಬೆಂಕಿ ಕೇಳುವ ನೆಪದಲ್ಲಿ ಬರುತ್ತಿದ್ದರು. "ನಿನ್ ಸೊಸೆ ಪುರಾಣ ಓದ್ದಂಗೆ ಮಾತಾಡ್ತಾಳೆ ಕಣಮ್ಮ!" ಎಂದು ಅಮ್ಮನಿಗೆ ಹೇಳಿ, ಬೆಂಕಿ ಮರೆತು ಹೋಗುತ್ತಿದ್ದರು.

"ಇಲ್ಲಿ ರಾತ್ರಿ ಸದ್ದೇ ಇಲ್ಲವಲ್ಲ. ನಿದ್ದೆ ಹೇಗೆ ಬರುತ್ತದೆ ನಿಮಗೆ?" ಎಂದು ಅವಳು ಕೇಳಿದಾಗ ನನಗೆ ನಗು ಬಂದಿತ್ತು. ಸದ್ದಿಲ್ಲದಿದ್ದರೆ ನಿದ್ದೆ ಬಾರದವಳನ್ನು ನಾನು ಕಂಡದ್ದು ಅದೇ ಮೊದಲು. ಹಿತ್ತಲಿನ ಹುಣಸೆಮರಕ್ಕೆ ಜೋರು ಗಾಳಿ ಬಿದ್ದಾಗ ಎದ್ದು ಕೂತು ಕೇಳುತ್ತಿದ್ದಳು. ಆಮೇಲೆ ಅದು ಬರೀ ಹುಣಸೆಮರ ಎಂದು ನೆನಪಾಗಿ ಮಲಗುತ್ತಿದ್ದಳು.

ಅವಳ ತವರುಮನೆಗೂ ಕಡಲಿಗೂ ನಡುವೆ ಒಂದು ಬಾಗಿದ ತೆಂಗಿನಮರ ಇತ್ತಂತೆ. ಪ್ರತಿ ಮಳೆಗಾಲದಲ್ಲೂ ಕಡಲು ದಂಡೆಯನ್ನು ಇಷ್ಟಿಷ್ಟೇ ತಿನ್ನುತ್ತಾ ಬರುತ್ತಿತ್ತು. "ಆ ಮರ ನಿಂತಿರುವ ತನಕ ಮನೆಗೆ ಹೆದರಿಕೆ ಇಲ್ಲ" ಎಂದು ಮಾವ ಹೇಳುತ್ತಿದ್ದನಂತೆ. ಆದ್ದರಿಂದ ತವರಿನಿಂದ ಯಾವ ಸುದ್ದಿ ಬಂದರೂ ಪಾರ್ವತಿ ಕೊನೆಗೆ ಕೇಳುವ ಪ್ರಶ್ನೆ ಒಂದೇ. "ಮರ ಇದೆಯಾ?"

ಮಾವನ ಕಾಗದಗಳಿಂದ ಏನೂ ಪ್ರಯೋಜನವಿರಲಿಲ್ಲ. "ಇತ್ತ ಕಡೆ ನಾವು ಕ್ಷೇಮ, ಅತ್ತ ಕಡೆಯ ಕ್ಷೇಮಕ್ಕೆ ಬರೆಯುವುದು." ಮುಗಿಯಿತು! ಸುದ್ದಿ ತರುತ್ತಿದ್ದವರು ಶಿರಾದ ಹುಸೇನ್ ಸಾಬರು. ನಾನು ಹಳ್ಳಿಹಳ್ಳಿಯಲ್ಲಿ ಕೂಡಿಸಿದ ಹುಣಸೆಹಣ್ಣನ್ನು ಅವರು ಲಾರಿಯಲ್ಲಿ ಹೇರಿಕೊಂಡು ಘಟ್ಟ ಇಳಿಯುತ್ತಿದ್ದರು. ವಾಪಸು ಬಂದಾಗ ನಮ್ಮ ಜಗಲಿಯ ಮೇಲೆ ಕೂತು ಪಾನಕ ಕುಡಿದು ಎಲ್ಲ ಹೇಳುತ್ತಿದ್ದರು. ಕಡವಿನ ದೋಣಿಯವನು ಯಾರ ಜೊತೆ ಜಗಳವಾಡಿದ, ಯಾರ ಬಾವಿಗೆ ಉಪ್ಪುನೀರು ಬಂತು, ಯಾರ ಬಲೆ ಹರಿಯಿತು, ಎಲ್ಲ! ಪಾರ್ವತಿ ಬಾಗಿಲ ಹಿಂದೆ ನಿಂತು ಕೇಳುವಳು. ಬಾವಿ ಉಪ್ಪಾದವರ ಹೆಸರು ಕೇಳಿ ಅಯ್ಯೋ ಎನ್ನುವಳು. ಅಂದು ಇಡೀ ದಿನ ಅವಳ ಮುಖ ನೋಡಲು ಚೆನ್ನಾಗಿರುತ್ತಿತ್ತು.

"ಹುಣಸೆ ಸುಗ್ಗಿ ಮುಗಿಯಲಿ, ನಿನ್ನನ್ನು ಕರೆದುಕೊಂಡು ಹೋಗುತ್ತೇನೆ" ಎಂದು ನಾನು ವರ್ಷವರ್ಷವೂ ಹೇಳುತ್ತಿದ್ದೆ. ಸುಗ್ಗಿ ಮುಗಿಯುತ್ತಿತ್ತು. ನನ್ನ ಮಾತೂ ಅದರ ಜೊತೆಗೇ ಮುಗಿಯುತ್ತಿತ್ತು.

ಅಷ್ಟರಲ್ಲಿ ಯುದ್ಧ ಬಂತು. ಎಲ್ಲೋ ಯಾರೋ ಬಡಿದಾಡಿಕೊಂಡರು, ನಮ್ಮಲ್ಲಿ ಪೆಟ್ರೋಲು ಮಾಯವಾಯಿತು. ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಕೆಮ್ಮುತ್ತಾ ಓಡಾಡಿದವು. ಸಾಬರ ಲಾರಿ ನಿಂತುಹೋಯಿತು. ಸಾಬರೂ ಕಾಣದಾದರು.

ಪ್ರತಿ ವಾರ ನಾನು ಹೊಳವನಹಳ್ಳಿ ಸಂತೆಯಿಂದ ಬಂದೊಡನೆ ಪಾರ್ವತಿ ಕೇಳುವಳು:

"ಸಾಬರು ಬಂದಿದ್ದರೇ?"

"ಇಲ್ಲ."

ಅವಳು ಚೀಲ ಇಸಿದುಕೊಂಡು ಒಳಗೆ ಹೋಗುವಳು. ಬೈಯುತ್ತಿರಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ. ವಾರಗಳು ಹೋದವು, ತಿಂಗಳುಗಳು ಹೋದವು. ಒಂದು ಸಂತೆಯ ಸಂಜೆ ಅವಳು ಕೇಳುವ ಮೊದಲೇ ‘ಇಲ್ಲ’ ಎಂಬ ಉತ್ತರಕ್ಕೆ ಮುಖವನ್ನು ಸಿದ್ಧಮಾಡಿಕೊಂಡದ್ದು ಕಾಣಿಸಿತು. ನನಗೆ ಏನಾಯಿತೋ, ನಾಲಗೆ ಜಾರಿತು.

"ಬಂದಿದ್ದರು!"

"ಮನೆಗೇಕೆ ಬರಲಿಲ್ಲ?"

"ಬಸ್ಸಿನಲ್ಲಿ ಮುಂದಕ್ಕೆ ಹೊರಟಿದ್ದರು. ಬಸ್ಸಿಗೆ ಉಸಿರು ಕಟ್ಟಿ ನಿಂತಿತ್ತು. ಅದು ಸುಧಾರಿಸಿಕೊಳ್ಳುವ ತನಕ ನಾಲ್ಕು ಮಾತಾಡಿದೆವು."

"ಊರಿನಲ್ಲಿ ಏನಂತೆ?"

ಇಲ್ಲಿ ನಾನು ಮಾವನ ಹಾಗೆ ‘ಕ್ಷೇಮ’ ಎಂದು ಬಾಯಿ ಮುಚ್ಚಿಕೊಂಡಿದ್ದರೆ ಉಳಿಯುತ್ತಿದ್ದೆ. ಆದರೆ ಪಾಂಡಿತ್ಯ ಬಿಡಬೇಕಲ್ಲ!

"ಮಳೆ ಚೆನ್ನಾಗಿ ಹೊಡೆದಿದೆಯಂತೆ. ಸಮುದ್ರ ತುಂಬಿ ಕೋಡಿ ಬಿದ್ದಿದೆಯಂತೆ!"

ನಮ್ಮ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಶುಭವಾರ್ತೆ ಇಲ್ಲ. ಕೆರೆ ಕೋಡಿ ಬಿತ್ತೆಂದರೆ ಒಲೆಯ ಮೇಲಿನ ಮುದ್ದೆ ಬಿಟ್ಟು ಜನ ನೋಡಲು ಓಡುತ್ತಾರೆ. ಪಾರ್ವತಿ ಕೈಯಲ್ಲಿ ಬದನೆಕಾಯಿ ಹಿಡಿದುಕೊಂಡು ನನ್ನನ್ನೇ ನೋಡುತ್ತಾ ನಿಂತಳು.

"ಕಡಲು... ಕೋಡಿ ಬಿತ್ತೇ?"

"ಬಿತ್ತು! ಊರಿನ ಮುತ್ತೈದೆಯರೆಲ್ಲ ಹೋಗಿ ಬಾಗಿನ ಬಿಟ್ಟು ಬಂದರಂತೆ!"

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ಆನಂದಬಾಷ್ಪ ಎಂದುಕೊಂಡೆ. ಅಂದಿನ ಹುಳಿಗೆ ತೆಂಗಿನಕಾಯಿ ಧಾರಾಳವಾಗಿ ಬಿದ್ದಿತ್ತು. ಬಡಿಸುವಾಗ ಮೆಲ್ಲಗೆ ಕೇಳಿದಳು.

"ಮರ ಇದೆಯಾ?"

"ನಿಂತಿದೆ. ಬುಡಕ್ಕೆ ಮಣ್ಣು ಹಾಕಿ ಸಮುದ್ರದ ಏರಿ ಭದ್ರ ಮಾಡಿದ್ದಾರಂತೆ."

ಈ ಸಲ ಅವಳು ಬಾಯಿ ಮುಚ್ಚಿಕೊಳ್ಳಲಿಲ್ಲ. ಇನ್ನೊಂದು ಸೌಟು ಹುಳಿ ಹಾಕಿ, ಖಾಲಿ ಸೌಟು ಹಿಡಿದುಕೊಂಡು ನಿಂತಿದ್ದಳು.

ಸುಳ್ಳು ಒಂದು ಹೇಳಿದರೆ ಅದಕ್ಕೆ ವಾರವಾರ ಮೇವು ಹಾಕಬೇಕು. ಮುಂದಿನ ಸಂತೆಗೂ ಪಾಪ ಸಾಬರನ್ನು ಬಸ್ಸು ಹತ್ತಿಸಿ, ಬಸ್ಸು ಕೆಡಿಸಿ, ನಾಲ್ಕು ಮಾತಾಡಿಸಿ, ಮತ್ತೆ ಕಳಿಸಿದೆ. ಅಂದಿನ ಸುದ್ದಿ ಎಂದರೆ ಸಮುದ್ರದ ತೂಬಿನ ಜಗಳ.

"ನೀರಗಂಟಿ ತನ್ನ ಬೀಗರ ಗದ್ದೆಗೆ ಮೊದಲು ನೀರು ಬಿಟ್ಟನಂತೆ. ಕೊನೆಯ ಗದ್ದೆಯವರು ತೂಬಿನ ಹತ್ತಿರ ದೊಣ್ಣೆ ಹಿಡಿದು ನಿಂತರಂತೆ."

"ನೀರಗಂಟಿ ಅನ್ನೋನು ಎಲ್ಲಾ ಊರಾಗೂ ಅಂಗೇ ಕಣೋ!" ಎಂದು ಅಮ್ಮ ಅಣ್ಣನ ಊರಿನ ಪರವಾಗಿ ಹಲ್ಲು ಕಡಿದಳು.

"ಪಟೇಲರು ಏನು ತೀರ್ಮಾನ ಮಾಡಿದರು?" ಎಂದು ಪಾರ್ವತಿ ಬಹಳ ಗಂಭೀರವಾಗಿ ಕೇಳಿದಳು.

"ಇನ್ನು ಮೇಲೆ ಸರದಿಯ ಪ್ರಕಾರ ತೂಬು ಎತ್ತಬೇಕೆಂದು ಅಪ್ಪಣೆಯಾಯಿತು."

ಅದರ ಮುಂದಿನ ವಾರ ಸಮುದ್ರದಲ್ಲಿ ಹೂಳು ತುಂಬಿತು. ಊರಿನವರೆಲ್ಲ ಸೇರಿ ಎತ್ತುವುದು, ಮನೆಗೊಂದು ಆಳು ಎಂದು ಪಂಚಾಯ್ತಿಯಾಯಿತು.

"ಮನೆಗೊಂದು ಆಳು ಸಾಕಾಗುತ್ತದೆಯೇ?" ಎಂದಳು ಪಾರ್ವತಿ.

"ಸಾಲದಿದ್ದರೆ ಪಕ್ಕದ ಹಳ್ಳಿಯವರೂ ಬರುತ್ತಾರಂತೆ" ಎಂದು ಧೈರ್ಯ ಹೇಳಿದೆ.

ಮತ್ತೆ ಸೆರಗು, ಮತ್ತೆ ಅಡುಗೆಮನೆ, ಮತ್ತೆ ಕೊನೆಯಲ್ಲಿ ಅದೇ ಪ್ರಶ್ನೆ. ಮರ ಇದೆಯಾ? ಇದೆ. ಹೊಂಬಾಳೆ ಬಿಟ್ಟಿದೆ. ಗೊನೆ ಭಾರಕ್ಕೆ ಕೋಲು ಕೊಟ್ಟಿದ್ದಾರೆ. ಮರದ ವಿಷಯದಲ್ಲಿ ಮಾತ್ರ ನಾನು ಎಂದೂ ಕೈ ಬಿಗಿಹಿಡಿಯಲಿಲ್ಲ.

ಇಷ್ಟು ನಾಲ್ಕು ಗೋಡೆಯೊಳಗೇ ಉಳಿದಿದ್ದರೆ ಚಿಂತೆಯಿರಲಿಲ್ಲ. ಆದರೆ ಅಮ್ಮ ನೀರಿಗೆ ಹೋದಳು! ಅಮ್ಮ ನೀರಿಗೆ ಹೋದಳೆಂದರೆ ಸುದ್ದಿ ಕೊಡದಿಂದ ಕೊಡಕ್ಕೆ ತುಂಬಿತೆಂದೇ ಅರ್ಥ. ಕೆಲವೇ ವಾರಗಳಲ್ಲಿ ಸಂತೆಯ ಸಂಜೆ ನಮ್ಮ ಜಗಲಿಯಲ್ಲಿ ಕೂರಲು ಜಾಗವಿಲ್ಲದಂತಾಯಿತು. ಎರಡು ವರ್ಷದಿಂದ ತಳ ಕಂಡ ಕೆರೆ ನಮ್ಮದು. ತುಂಬಿದ ನೀರಿನ ಮಾತು ಕೇಳುವುದೇ ಜನಕ್ಕೆ ಒಂದು ಊಟವಾಗಿತ್ತು. ಹೇಳುವ ನನಗೂ ಹಾಗೆಯೇ, ಮುಚ್ಚುಮರೆ ಏಕೆ.

ಪಕ್ಕದ ಮನೆಯ ಸಿದ್ದೇಗೌಡ ಎಲೆಅಡಿಕೆ ಜಗಿಯುತ್ತಾ ಬಹಳ ಹೊತ್ತು ಯೋಚಿಸಿ ಒಂದು ದಿನ ಬಾಯಿ ಬಿಟ್ಟ.

"ಅಲ್ಲ ಕಣಯ್ಯ, ಅಷ್ಟೊಂದ್ ನೀರು ಕೋಡೀಲಿ ಸುಮ್ಕೆ ಅರ್ದೋಯ್ತದೆ ಅಂತೀಯ. ನಮ್ ಕಡೀಕ್ ಒಂದ್ ಕಾಲುವೆ ತೆಗುದ್ರೆ ಅವ್ರ ಗಂಟೇನ್ ಓದಾತು?"

"ನೀರು ಉಪ್ಪಂತಲ್ಲೋ ಗೌಡ" ಎಂದಿತು ಯಾವುದೋ ಅನುಭವಸ್ಥ ಗಂಟಲು.

"ಉಪ್ಪಾದ್ರೇನ್ಲಾ? ನಮ್ ಬಾವಿ ನೀರೇನ್ ಬೆಲ್ಲವಾ!"

ಈ ವಾದಕ್ಕೆ ಎಲ್ಲರೂ ತಲೆದೂಗಿದರು. ಕೊರಟಗೆರೆಗೆ ಹೋಗಿ ಅಮಲ್ದಾರರನ್ನು ಕಂಡು, ಸಮುದ್ರದಿಂದ ನಮ್ಮೂರ ಕೆರೆಗೆ ಕಾಲುವೆ ತೆಗೆಸಿಕೊಡಬೇಕೆಂದು ಪ್ರಾರ್ಥಿಸುವುದೆಂದು ಜಗಲಿ ನಿರ್ಧರಿಸಿತು. ಮುಂದಾಳು ನಾನು! ಸಮುದ್ರ ಬಲ್ಲವನು ಊರಿನಲ್ಲಿ ಬೇರೆ ಯಾರಿದ್ದಾರೆ? ನಾನು ಬೆವರುತ್ತಾ ಒಪ್ಪಿಕೊಂಡೆ. ಘಟ್ಟದ ಮೇಲಕ್ಕೆ ನೀರು ಹೇಗೆ ಹತ್ತುತ್ತದೆ ಎಂದು ಯಾರೂ ಕೇಳಲಿಲ್ಲ. ನಾನಂತೂ ಕೇಳಿಕೊಳ್ಳಲಿಲ್ಲ.

ಹೊರಡುವ ದಿನವನ್ನು ಗೊತ್ತುಮಾಡಲು ಎಲ್ಲರೂ ಸೇರಿದ್ದ ಮಧ್ಯಾಹ್ನ, ಬೀದಿಯ ತುದಿಯಲ್ಲಿ ಒಂದು ಕೆಂಪು ಟೋಪಿ ಕಾಣಿಸಿತು. ಟೋಪಿಯ ಕೆಳಗೆ ಹುಸೇನ್ ಸಾಬರು!

ನಿಜವಾದ ಸಾಬರು! ನಾನು ಜಗಲಿಯಿಂದ ಹಾರಿ ಇಳಿದೆ. "ಬನ್ನಿ ಸಾಬರೇ, ಹಿತ್ತಲಿನಲ್ಲಿ ಹುಣಸೆಹಣ್ಣು ನೋಡೋಣ" ಎಂದು ಅವರ ತೋಳು ಹಿಡಿದು ಎಳೆದೆ. ಸಿದ್ದೇಗೌಡ ಇನ್ನೊಂದು ತೋಳು ಹಿಡಿದ.

"ಅಣ್ಣು ಎಲ್ಲಿಗೋಯ್ತದೆ, ಇರಯ್ಯ. ಏನ್ ಸಾಬ್ರೇ, ತೂಬು ಎತ್ತುದ್ರಾ?"

"ಅರೇ, ಯಾವ ತೂಬು ಗೌಡ್ರೇ?"

"ಅದೇ, ಸಮುದ್ರದ್ದು!"

"ಯಾ ಅಲ್ಲಾ! ಸಮುದ್ರಕ್ಕೆ ತೂಬಾ! ಯಾರು ಹೇಳಿದ್ದು ನಿಮಗೆ?"

"ನೀವೇ ಯೋಳಿದ್ದಲ್ವಾ! ವಾರವಾರ, ಬಸ್ಸಿನ ತಾವ!"

"ನಾನಾ? ಖುದಾ ಕಸಮ್, ಎರಡು ವರ್ಷ ಆಯ್ತು ಹೊಳವನಹಳ್ಳಿ ಕಡೆ ಕಾಲೇ ಇಟ್ಟಿಲ್ಲ. ಈಗ ಯಾರದೋ ಇದ್ದಿಲ ಲಾರೀಲಿ ಘಟ್ಟ ಇಳಿದು, ಸೀದಾ ಅಲ್ಲಿಂದಾನೇ ಬಂದೆ!"

ಜಗಲಿಯಲ್ಲಿದ್ದ ಕಣ್ಣುಗಳೆಲ್ಲ ನನ್ನ ಕಡೆ ತಿರುಗಿದವು. ನಾನು ತಲೆ ಎತ್ತಿ ಸೂರು ನೋಡಿದೆ. ನಮ್ಮ ಜಗಲಿಯ ತೊಲೆಗಳು ಎಷ್ಟು ಒಳ್ಳೆಯ ಮರದವೆಂದು ನಾನು ಗಮನಿಸಿದ್ದು ಅಂದೇ.

"ಅದೆಲ್ಲ ಆಳಾಗೋಗ್ಲಿ" ಎಂದು ಅಮ್ಮ ಮುಂದೆ ಬಂದಳು. "ನಮ್ಮಣ್ಣ ಹೆಂಗವ್ನೆ ಸಾಬ್ರೇ?"

"ಆರಾಮಾಗಿದ್ದಾರೆ ಅಮ್ಮಾ. ಮನೆ ಮಾತ್ರ ಹೋಯ್ತು. ಹೋದ ಮಳೇಲಿ ಆ ತೆಂಗಿನಮರ ಬಿತ್ತು ನೋಡಿ, ಅದರ ಹಿಂದೇನೇ ನೀರು ಅಂಗಳಕ್ಕೆ ಬಂತು. ಯಾರಿಗೂ ಏನೂ ಆಗಿಲ್ಲ. ಈಗ ಗುಡ್ಡದ ಕೆಳಗೆ ಬೇರೆ ಮನೆ ಮಾಡಿದ್ದಾರೆ. ಮಗಳಿಗೆ ಬರೀಬೇಡ, ನೊಂದ್ಕೋತಾಳೆ ಅಂತ ಸುಮ್ಮನಿದ್ದಾರೆ."

ಬಾಗಿಲ ಹಿಂದೆ ಇಷ್ಟು ಹೊತ್ತು ಕೇಳುತ್ತಿದ್ದ ಬಳೆಯ ಸದ್ದು ನಿಂತಿತು. ಜನ ಒಬ್ಬೊಬ್ಬರಾಗಿ ಎದ್ದರು. ನನ್ನನ್ನು ಗೇಲಿ ಮಾಡುವ ಹಕ್ಕು ಎಲ್ಲರಿಗೂ ಇತ್ತು, ಆದರೆ ಅಂದು ಯಾರೂ ಮಾಡಲಿಲ್ಲ. ಸಿದ್ದೇಗೌಡನೂ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, "ಬತ್ತೀನಯ್ಯ" ಎಂದಷ್ಟೇ ಹೇಳಿ ಹೋದ. ನಾಳೆಯಿಂದ ಮಾಡೋಣವೆಂದು ಬಿಟ್ಟಿದ್ದರು, ಆಮೇಲೆ ಧಾರಾಳವಾಗಿಯೇ ಮಾಡಿದರು.

ನಾನು ಅಡುಗೆಮನೆಗೆ ಹೋದೆ. ಪಾರ್ವತಿ ಒಲೆಯ ಮುಂದೆ ಕೂತಿದ್ದಳು. ಒಲೆ ಉರಿಯುತ್ತಿರಲಿಲ್ಲ.

"ನಾನು ಹೇಳಿದ್ದೆಲ್ಲ ಸುಳ್ಳು" ಎಂದೆ. ಆ ಹೊತ್ತಿಗೆ ಬೀದಿಯ ನಾಯಿಗೂ ಗೊತ್ತಾಗಿದ್ದ ವಿಷಯವನ್ನು ನಾನು ಅಷ್ಟು ಘನವಾಗಿ ಹೇಳಿದೆ.

"ಕೋಡಿ ಬಿದ್ದ ದಿನವೇ ಗೊತ್ತಾಯಿತು."

"ಮತ್ತೆ ಇಷ್ಟು ದಿನ ಏಕೆ ಕೇಳಿದೆ?"

ಅವಳು ಒಲೆಯ ಬೂದಿ ಕೆದಕುತ್ತಾ ಹೇಳಿದಳು:

"ನೀವು ಹೇಳುವಾಗ ಮರ ನಿಂತಿರುತ್ತಿತ್ತು."

ನನಗೆ ಅಳು ಬಂತು. ಗಂಡಸು, ಹುಣಸೆಹಣ್ಣಿನ ವ್ಯಾಪಾರಿ, ಹೊಗೆಯಿಲ್ಲದ ಒಲೆಯ ಮುಂದೆ ಹೊಗೆ ಎಂದು ಕಣ್ಣೊರೆಸಿಕೊಂಡೆ. ಅವಳು ಹುಟ್ಟಿದ ಮನೆಯನ್ನು ಅದು ಇರುವಾಗಲೇ ಒಮ್ಮೆ ತೋರಿಸಿಕೊಂಡು ಬರಬಹುದಾಗಿತ್ತು. ಎಷ್ಟು ಸುಗ್ಗಿಗಳು ಮುಗಿದಿದ್ದವು!

"ಈ ಬೇಸಗೆಗೆ ಖಂಡಿತ ಕರೆದುಕೊಂಡು ಹೋಗುತ್ತೇನೆ" ಎಂದೆ.

"ಇದೂ ಸಾಬರು ಹೇಳಿದ್ದೇ?" ಎಂದಳು.

ಮುಂದಿನ ಸಂತೆಯಿಂದ ಬಾಯಿಗೆ ಬೀಗ ಹಾಕಿಕೊಂಡು ಬಂದೆ. ಪಾರ್ವತಿ ಚೀಲ ಇಸಿದುಕೊಂಡಳು. ಒಳಗೆ ಹೋಗಲಿಲ್ಲ.

"ಸಾಬರು ಬಂದಿದ್ದರೇ?"

ನಾನು ಅವಳ ಮುಖ ನೋಡಿದೆ. ಅವಳು ಕಾಯುತ್ತಿದ್ದಳು.

"ಬಂದಿದ್ದರು" ಎಂದೆ. "ಮಾವ ಹೊಸ ಮನೆಯ ಮುಂದೆ ಒಂದು ತೆಂಗಿನಸಸಿ ನೆಟ್ಟಿದ್ದಾರಂತೆ."

"ನೀರು?"

"ನೀರಿಗೇನು ಬರ! ಸಮುದ್ರದಿಂದಲೇ ಕೊಡದಲ್ಲಿ ತಂದು ಹುಯ್ಯುತ್ತಾರಂತೆ."

ಅವಳು ಮೊದಲು ಬಾಯಿಗೆ ಸೆರಗು ಅಡ್ಡ ಹಿಡಿಯದೆಯೇ ನಕ್ಕಳು, ಆಮೇಲೆ ಕಣ್ಣಿಗೆ ಸೆರಗು ಹಿಡಿದಳು. "ಎಳೆಯ ಸಸಿಗೆ ಉಪ್ಪುನೀರು ಹುಯ್ದರೆ ಉಳಿಯುತ್ತದಾ? ಸಿಹಿನೀರು ಹಾಕಬೇಕು. ನಾವೇ ಹೋಗಿ ಹಾಕಬೇಕು" ಎಂದಳು.

ಯುದ್ಧ ಮುಗಿಯಲಿ ಎಂದೆ. ಯುದ್ಧ ಮುಗಿಯಿತು. ಬಸ್ಸುಗಳು ಇದ್ದಿಲು ಇಳಿಸಿ ಪೆಟ್ರೋಲು ಕುಡಿಯತೊಡಗಿದವು. ಈಗ ಹುಣಸೆ ಸುಗ್ಗಿ ಮುಗಿಯಲಿ ಎನ್ನುತ್ತಿದ್ದೇನೆ. ಸಮುದ್ರವನ್ನು ನಾನು ಇನ್ನೂ ನೋಡಿಲ್ಲ. ಸಸಿ ಮಾತ್ರ ಪ್ರತಿ ಸಂತೆಗೂ ಒಂದೊಂದು ಗರಿ ಬಿಡುತ್ತಿದೆ.