ನಮ್ಮ ವಿಡಿಯೋ ಗೇಮ್ ಟೀಮು, ಹೆಂಡತಿಯ ಟಿವಿ

ಟಿವಿ ಇರುವ ಕಡೆ ನಾಲ್ಕು ಜನ ಸೇರುತ್ತಾರೆ. ನಾಲ್ಕು ಜನ ಸೇರಿದ ಕಡೆ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ. ನನ್ನ ಅಂಗಡಿಯಲ್ಲಂತೂ ಒಂದು ಎಡವಟ್ಟಿನ ನಗು ಮುಗಿಯುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತಿತ್ತು.

ತೊಂಬತ್ತರ ದಶಕದ ಕೊನೆಯ ಮಾತು. ಶಿಕಾರಿಪುರದ ಬಸ್‌ಸ್ಟ್ಯಾಂಡ್ ಹತ್ತಿರ ನಾನೊಂದು ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದೆ. ಒಂದು ಕಲರ್ ಟಿವಿ, ಕ್ಯಾಸೆಟ್ ಹಾಕಿ ಆಡುವ ಒಂದು ಡಬ್ಬ, ಕೈಯಲ್ಲಿ ಹಿಡಿದು ಒತ್ತುವ ಎರಡು ರಿಮೋಟು, ಕಾಲು ಅಲ್ಲಾಡುವ ಒಂದು ಬೆಂಚು. ಇದಿಷ್ಟೇ ಬಂಡವಾಳ. ಅದರಲ್ಲೂ ಟಿವಿ ನನ್ನದಲ್ಲ, ಹೆಂಡತಿಯದು. ಅವಳ ತವರು ಸೊರಬದಿಂದ ಬಂದದ್ದು.

ಸೊರಬದಲ್ಲಿ ಅವಳ ತಮ್ಮನೂ ಇಂಥದೇ ಅಂಗಡಿ ತೆರೆದ. ನನ್ನನ್ನು ನೋಡಿ ಕಲಿತದ್ದು, ಬಾಯಿಬಿಟ್ಟು ಹೇಳಲಿಲ್ಲ ಅಷ್ಟೆ. ಎರಡೂ ಊರಿನವರು ಟೀಮ್ ಕಟ್ಟಿ ಒಂದು ಸೀಸನ್ ಆಡೋಣ ಅಂತ ಮಾತಾಯಿತು. ಮೂರು ಮ್ಯಾಚು. ಮೊದಲೆರಡು ಗುಂಡು ಹೊಡೆಯುವ ಆಟ, ಕೊನೆಯದು ಕಾರ್ ರೇಸು. ಗೆದ್ದವರಿಗೆ ಸ್ಟೀಲಿನ ಕೊಡಪಾನ.

ಸುದ್ದಿ ಕೇಳಿದ ಹೆಂಡತಿ ತನ್ನದೂ ಒಂದು ಷರತ್ತು ಹಾಕಿದಳು. "ನನ್ನ ತಮ್ಮನ ಹತ್ರ ಸೋತ್ರೆ ಮಾರನೇ ದಿನವೇ ಟಿವಿ ಮನೆಗೆ ಬರ್ಬೇಕು. ನಾನೂ ಸಂಜೆ ಧಾರಾವಾಹಿ ನೋಡ್ಬೇಕು. ಗೆದ್ರೆ ನಿಮ್ಮ ಅಂಗಡೀಲೇ ಇಟ್ಕೊಳ್ಳಿ, ಮತ್ತೆ ನಾನು ಬಾಯಿ ತೆಗೆಯಲ್ಲ."

ಟಿವಿ ಹೋದರೆ ಅಂಗಡಿಗೆ ಬೀಗ. ಹೊಟ್ಟೆಗೆ ನಮಗೆ ಗದ್ದೆ ಇತ್ತು, ಆದರೆ ಪೇಟೆಯಲ್ಲಿ ನಾಲ್ಕು ಜನ ನನ್ನನ್ನು "ಮಾಲೀಕರೇ" ಅಂತ ಕರೆಯುತ್ತಿದ್ದದ್ದು ಆ ಅಂಗಡಿಯಿಂದಲೇ. ನಿಜ ಹೇಳ್ತೀನಿ, ಅವತ್ತಿಂದ ನನಗೆ ಸರಿಯಾಗಿ ಊಟ ಸೇರಲಿಲ್ಲ.

ಕೈ ಎತ್ತಿದವರು

ಟೀಮಿಗೆ ಮೊದಲು ಸೇರಿದವನು ಸೊರಬ ಲೈನಿನ ಖಾಸಗಿ ಬಸ್ಸಿನ ಡ್ರೈವರ್. ಕಾರ್ ರೇಸಿಗೆ ಇವನಿಗಿಂತ ಇನ್ನೊಬ್ಬ ಬೇಕೆ? ಕೂತವನೇ ರಿಮೋಟನ್ನು ಸ್ಟೇರಿಂಗ್ ಹಿಡಿದಂತೆ ಹಿಡಿದ. ತಿರುವಿನಲ್ಲಿ ಮೈಯನ್ನೂ ತಿರುಗಿಸಿ ಪಕ್ಕದವರನ್ನೆಲ್ಲ ಬೆಂಚಿನ ತುದಿಗೆ ತಳ್ಳಿದ. ಎಲ್ಲರಿಗಿಂತ ಮುಂದೆ ಹೋದ. ಆಮೇಲೆ ಇದ್ದಕ್ಕಿದ್ದಂತೆ ಬ್ರೇಕ್ ಹಾಕಿ ನಿಂತೇ ಬಿಟ್ಟ. ಹಿಂದಿದ್ದ ಕಾರೆಲ್ಲ ಬರ್ ಅಂತ ಮುಂದೆ ಹೋದವು.

"ಏನಯ್ಯಾ, ಗೆಲ್ಲೋ ಆಟ ಕೆಡಿಸಿದ್ಯಲ್ಲ! ಯಾಕೆ ನಿಲ್ಸಿದೆ?" ಅಂದೆ.

ಅವನು ಪರದೆಯ ಅಂಚು ತೋರಿಸಿದ. ರಸ್ತೆ ಬದಿಯಲ್ಲಿ ಪ್ರೇಕ್ಷಕರ ಚಿತ್ರ ಇತ್ತು. "ಅಲ್ಲಿ ಜನ ಕೈ ಎತ್ತಿದ್ರಲ್ರೀ."

"ಅವರು ರೇಸ್ ನೋಡೋಕೆ ನಿಂತಿರೋರು ಮಾರಾಯ!"

"ಇರಬಹುದು ರೀ. ಆದ್ರೆ ನಾವು ಬಿಟ್ಟು ಹೋದ್ರೆ ಹಿಂದಿನ ಗಾಡಿಯೋನು ಹತ್ತಿಸ್ಕೊಳ್ತಾನೆ."

ಕಾಲು ಓಡಿದರೆ ಕೈ ಓಡುತ್ತದೆ

ಗುಂಡು ಹೊಡೆಯುವ ಆಟಕ್ಕೆ ಸಿಕ್ಕಿದವನು ಪಕ್ಕದ ಅಂಗಡಿಯ ಟೈಲರ್. ಕಣ್ಣು ಚುರುಕು, ಬೆರಳು ಇನ್ನೂ ಚುರುಕು. ಆದರೆ ಬೆಂಚಿನ ಮೇಲೆ ಕೂತರೆ ಮಾತ್ರ ಮರದ ಬೊಂಬೆ. ಬಂದವರೆಲ್ಲ ಅವನಿಗೆ ಹೊಡೆದು ಹೋಗುತ್ತಿದ್ದರು.

"ಕಾಲು ಸುಮ್ನಿದ್ರೆ ನಂಗೆ ಕೈ ಓಡಂಗಿಲ್ರೀ," ಅಂದ ಸಂಕಟದಿಂದ. ಹುಟ್ಟಿದಾಗಿನಿಂದ ಕಾಲಲ್ಲಿ ತುಳಿಯುತ್ತ ಕೈಯಲ್ಲಿ ಹೊಲಿದವನು, ಅವನ ತಪ್ಪೂ ಅಲ್ಲ. ನಾವೇ ಅವನ ಹೊಲಿಗೆ ಯಂತ್ರವನ್ನು ನನ್ನ ಅಂಗಡಿಗೆ ಎಳೆದು ತಂದೆವು. ಅದರ ಮೇಲೆ ರಿಮೋಟ್ ಇಟ್ಟುಕೊಂಡು, ಕೆಳಗೆ ಟಕಟಕ ತುಳಿಯುತ್ತ ಕೂತ ನೋಡಿ, ಅಬ್ಬಬ್ಬಾ! ಮೊದಲ ಮ್ಯಾಚಿನಲ್ಲಿ ಸೊರಬದವರಿಗೆ ತಲೆ ಎತ್ತಲು ಬಿಡಲಿಲ್ಲ.

ನನ್ನ ಭಾಮೈದ ಆಟ ನೋಡಲೇ ಇಲ್ಲ. ಬಗ್ಗಿ ಬಗ್ಗಿ ಟೈಲರನ ಕಾಲು ನೋಡುತ್ತಿದ್ದ. "ಬಾವ, ಈ ಪೆಡಲ್ ಎಂತಕ್ಕೆ?" ಅಂತ ಮೆಲ್ಲಗೆ ಕೇಳಿದ.

"ಸ್ಪೀಡ್ ಜಾಸ್ತಿ ಮಾಡೋಕೆ," ಅಂದೆ ಗತ್ತಿನಿಂದ.

ಮುಂದಿನ ವಾರ ಹೋಗಿ ನೋಡಿದರೆ ಸೊರಬದ ಅಂಗಡಿಯಲ್ಲೂ ಒಂದು ಹಳೆಯ ಹೊಲಿಗೆ ಯಂತ್ರ ಕೂತಿತ್ತು.

ಅತ್ತೆಯ ಉಪಚಾರ

ಎರಡನೇ ಮ್ಯಾಚು ಸೊರಬದಲ್ಲಿ. ಮ್ಯಾಚು ಮುಗಿಸಿ ಊಟ ಅಂತ ನಾನು ಅಂದುಕೊಂಡಿದ್ದೆ. ಅಳಿಯ ಬಂದಿದ್ದಾನೆ, ಜೊತೆಗೆ ಅಳಿಯನ ಟೀಮೂ ಬಂದಿದೆ, ಉಪವಾಸ ಆಡಿಸುವುದುಂಟೇ ಅಂತ ಅತ್ತೆ ಎಲೆ ಹಾಕಿಸಿಯೇ ಬಿಟ್ಟರು.

"ಇನ್ನೊಂದು ಹೋಳಿಗೆ ಹಾಕಿಸ್ಕಳಿ."

"ಸಾಕು ಅಮ್ಮಾ."

"ನಮ್ಮನೇಲಿ ಸಾಕು ಅನ್ನೋದುಂಟಾ? ತುಪ್ಪ ಹಾಕಿ ಇವರಿಗೆ!"

ಭಾಮೈದ ಪಕ್ಕದಲ್ಲಿ ನಿಂತು "ಅಮ್ಮ, ಟೈಲರ್ ಎಲೆ ಖಾಲಿ ಇದೆ" ಅಂತ ಆಗಾಗ ನೆನಪು ಮಾಡುತ್ತಿದ್ದ. ಅಷ್ಟು ಕಾಳಜಿ ಅವನಿಗೆ ಎಲ್ಲಿಂದ ಬಂತು ಅಂತ ನಾನು ಆಗಲೇ ಯೋಚಿಸಬೇಕಿತ್ತು. ಬಾಯಲ್ಲಿ ಹೋಳಿಗೆ ಇರುವಾಗ ಯೋಚನೆ ಎಲ್ಲಿ ಬರುತ್ತದೆ!

ಮ್ಯಾಚು ಶುರುವಾಯಿತು. ಟೈಲರ್ ಯಂತ್ರದ ಮುಂದೆ ಕೂತ, ಟಕಟಕ ಸದ್ದು ಕೇಳಿಸಿತು, ನನಗೆ ಧೈರ್ಯ ಬಂತು. ಆದರೆ ಪರದೆಯಲ್ಲಿ ನಮ್ಮವನು ನಿಂತಲ್ಲೇ ನಿಂತು ಏಟು ತಿನ್ನುತ್ತಿದ್ದಾನೆ! ಬಗ್ಗಿ ನೋಡಿದೆ. ಪುಣ್ಯಾತ್ಮನಿಗೆ ಗಾಢ ನಿದ್ದೆ. ಕಾಲು ಮಾತ್ರ ತುಳಿಯುತ್ತಲೇ ಇತ್ತು.

ಪಕ್ಷಾಂತರ

ಒಂದು ಅವರದು, ಒಂದು ನಮ್ಮದು. ಇನ್ನುಳಿದದ್ದು ಕಾರ್ ರೇಸು. ಅಷ್ಟರಲ್ಲಿ ಬಸ್ಸಿನ ರಾತ್ರಿ ಹಾಲ್ಟ್ ಸೊರಬಕ್ಕೆ ಬದಲಾಯಿತು, ನಮ್ಮ ಡ್ರೈವರ್ ಅಲ್ಲೇ ಉಳಿಯತೊಡಗಿದ. ಭಾಮೈದ ಬಿಡುತ್ತಾನೆಯೇ? ತನ್ನ ಟೀಮಿಗೆ ಎಳೆದುಕೊಂಡ.

ನಾನು ಒಳಗೊಳಗೇ ಖುಷಿಪಟ್ಟೆ. ತಗೊಳ್ಳಲಿ, ಕೈ ಎತ್ತಿದವರಿಗೆಲ್ಲ ನಿಲ್ಲಿಸುತ್ತ ಹೋಗಲಿ! ಆದರೆ ಅವನು ಈಗ ಎಲ್ಲೂ ನಿಲ್ಲಿಸುವುದಿಲ್ಲವಂತೆ, ಒಂದೇ ಉಸಿರಿಗೆ ರೇಸ್ ಮುಗಿಸುತ್ತಾನಂತೆ ಅಂತ ಸುದ್ದಿ ಬಂತು. ನನಗೆ ತಡೆಯಲಾಗಲಿಲ್ಲ. ಭಾಮೈದ ಸಿಕ್ಕಾಗ "ಅದ್ಹೇಗೆ ಕಲಿಸಿದೆಯಪ್ಪಾ?" ಅಂತ ಕೇಳಿಯೇ ಬಿಟ್ಟೆ.

"ಅದೆಂತ ದೊಡ್ಡ ಕೆಲ್ಸ ಬಾವ? ರಸ್ತೆ ಪಕ್ಕ ನಿಂತೋರೆಲ್ಲ ಪಾಸ್ ಇರೋ ಕಾಲೇಜ್ ಹುಡುಗ್ರು ಅಂದೆ."

ಅಯ್ನೋರ ಮುಹೂರ್ತ

ಡ್ರೈವರ್ ಜಾಗಕ್ಕೆ ನಮ್ಮ ಬೀದಿಯ ಅಯ್ನೋರನ್ನು ಸೇರಿಸಿಕೊಂಡೆ. ಪೂಜೆ ಮುಗಿಸಿ ಬಂದು ಕೂತರೆ ಒಳ್ಳೆ ಕೈಯೇ. ಆದರೆ ಅಭ್ಯಾಸಕ್ಕೂ ಅವರಿಗೆ ಗಳಿಗೆ ನೋಡಬೇಕು.

"ಈಗ ರಾಹುಕಾಲ, ಬಟನ್ ಒತ್ತಬಾರದು. ಅದು ಕಳೀಲಿ."

ಕಳೆಯಿತು.

"ಈಗ ಯಮಗಂಡ."

ಅದೂ ಕಳೆಯಿತು. ಅಯ್ನೋರು ಪೂರ್ವಕ್ಕೆ ತಿರುಗಿ ಕೂತು, ಕಣ್ಣಿಗೆ ರಿಮೋಟ್ ಒತ್ತಿಕೊಂಡು, "ಈಗ ಅಮೃತ ಗಳಿಗೆ!" ಅಂತ ಬಟನ್ ಒತ್ತಿದರು. ಕರೆಂಟು ಹೋಯಿತು. ಮತ್ತೆ ವಾರವಿಡೀ ಹಗಲು ಕರೆಂಟೇ ಇಲ್ಲ. "ಗಳಿಗೆ ಒಳ್ಳೇದೇ ಇತ್ತು ನೋಡ್ರಿ, ಕರೆಂಟಿನೋರ ಹತ್ರ ಪಂಚಾಂಗ ಇಲ್ಲ" ಅಂದ ಅಯ್ನೋರು, ಇದು ಅಪಶಕುನ ಅಂತ ಟೀಮನ್ನೇ ಬಿಟ್ಟರು.

ಅಂಗಡಿ ಮುಚ್ಚಿ ನಾನು ಮನೆಯಲ್ಲಿ ಕೂತೆ. ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಅಡುಗೆಮನೆಯ ಡಬ್ಬಗಳನ್ನೆಲ್ಲ ಉದ್ದದ ಪ್ರಕಾರ ಜೋಡಿಸಿಟ್ಟೆ. ಬೀನ್ಸ್ ಹೇಗೆ ಹೆಚ್ಚಬೇಕು, ಒಗ್ಗರಣೆಗೆ ಸಾಸಿವೆ ಯಾವಾಗ ಹಾಕಬೇಕು, ಬಟ್ಟೆ ಹಿಂಡುವಾಗ ಮಣಿಕಟ್ಟು ಯಾವ ಕಡೆ ತಿರುಗಬೇಕು ಅಂತ ಹೆಂಡತಿಯ ಹಿಂದೆಯೇ ತಿರುಗಿ ಹೇಳಿಕೊಟ್ಟೆ. ಪಾಪ, ಅವಳು ಒಂದು ಮಾತೂ ಎದುರಾಡಲಿಲ್ಲ. ಸಾಸಿವೆ ಡಬ್ಬ ಎಲ್ಲಿ ಅಂತ ಮಾತ್ರ ದಿನಾ ಕೇಳುತ್ತಿದ್ದಳು.

ಹೋಲ್ಡಾನ್

ಕೊನೆಯ ಮ್ಯಾಚು ನಮ್ಮ ಅಂಗಡಿಯಲ್ಲೇ. ಟೈಲರನಿಗೆ ರೇಸ್ ಬರದು, ಕಾರ್ ರೇಸಿಗೆ ನಮ್ಮ ಕಡೆ ಉಳಿದವನು ನಾನೊಬ್ಬನೇ. ಆಡಿಸುವವನಿಗೆ ಆಡಲೂ ಬರಬೇಕು ಅಂತ ಎಲ್ಲಿ ಬರೆದಿದೆ ಹೇಳಿ! ಪರದೆ ನೋಡಿದರೆ ನನಗೆ ರೇಸ್ ಕಾಣುತ್ತಿರಲಿಲ್ಲ, ಆ ಟಿವಿಯನ್ನು ಕೈಗಾಡಿಯಲ್ಲಿ ಮನೆಗೆ ತಳ್ಳಿಕೊಂಡು ಹೋಗುವ ನಾನೇ ಕಾಣುತ್ತಿದ್ದೆ.

ತಮ್ಮ ಬಂದಿದ್ದಾನೆ ಅಂತ ಹೆಂಡತಿ ಮಂಡಕ್ಕಿ ಒಗ್ಗರಣೆ, ಚಹಾ ತಂದು ಬಾಗಿಲಲ್ಲಿ ನಿಂತಿದ್ದಳು. ಮುಖದಲ್ಲಿ ನಗು. ನಗದೆ ಏನು, ನಾಳೆ ಟಿವಿ ಮನೆಗೆ ಬರುತ್ತದಲ್ಲ!

ರೇಸ್ ಶುರುವಾಯಿತು. ಡ್ರೈವರ್ ಬಿಟ್ಟ ನೋಡಿ ಗಾಡಿ. ಕೈ ಎತ್ತಿದವರನ್ನು ಕಣ್ಣೆತ್ತಿಯೂ ನೋಡಲಿಲ್ಲ. ನಾನು ಹಿಂದೆ, ಬೇಲಿಗೆ ಗುದ್ದುತ್ತ, ತಿರುಗುತ್ತ ಬರುತ್ತಿದ್ದೆ. ಕೊನೆಯ ಸುತ್ತು. ಗೆಲ್ಲುವ ಗೆರೆ ಎದುರಿಗೇ ಕಾಣಿಸಿತು. ಭಾಮೈದ ಕೊಡಪಾನಕ್ಕೆ ಕೈ ಹಾಕಿದ.

ಆಗ ಬಾಗಿಲಿಂದ, ಉಡುತಡಿ ಕ್ರಾಸಿನಲ್ಲಿ ಕಂಡಕ್ಟರ್ ಕೂಗುತ್ತಾನಲ್ಲ, ಅದೇ ಗಂಟಲಲ್ಲಿ ಒಂದು ಕೂಗು ಬಂತು.

"ಹೋಲ್ಡಾನ್!"

ಡ್ರೈವರ್ ಗಕ್ಕನೆ ಬ್ರೇಕ್ ಒತ್ತಿದ. ಗಾಡಿ ಗೆರೆಯ ಮುಂದೆಯೇ ನಿಂತಿತು. ಅಷ್ಟೇ ಅಲ್ಲ, ರಿಮೋಟ್ ಕೆಳಗಿಟ್ಟು, ಹಿಂದೆ ತಿರುಗಿ "ಯಾರ್ರೀ ಇಳಿಯೋರು? ಲಗೂನ ಇಳೀರಿ!" ಅಂದ. ಅವನು ಇಳಿಸುವಷ್ಟರಲ್ಲಿ ನಾನು ಗುದ್ದುತ್ತ ಗುದ್ದುತ್ತ ಗೆರೆ ದಾಟಿಬಿಟ್ಟೆ.

"ಅಕ್ಕಾ, ಇದು ಮೋಸ!" ಅಂತ ಭಾಮೈದ ಕುಣಿದಾಡಿದ.

"ಎಂತ ಮೋಸ? ಚಹಾ ಆರ್ತಿತ್ತು, ನಿಲ್ಸಿ ಕುಡೀಲಿ ಅಂದೆ," ಅಂದಳು.

ಅವತ್ತು ಕೊಡಪಾನ ಹೆಗಲ ಮೇಲೆ ಹೊತ್ತು ಮನೆಗೆ ಬಂದೆ. ಮನಸ್ಸು ತುಂಬಿ ಬಂದಿತ್ತು. ಒಡಹುಟ್ಟಿದವನನ್ನು ಸೋಲಿಸಿ, ತನ್ನ ಟಿವಿಯ ಆಸೆಯನ್ನೂ ಬಿಟ್ಟು ನನ್ನ ಮಾನ ಉಳಿಸಿದಳಲ್ಲ! "ಎಷ್ಟಂದ್ರೂ ನಿನಗೆ ನನ್ನ ಮೇಲೇ ಪ್ರೀತಿ ಜಾಸ್ತಿ ಕಣೇ," ಅಂದೆ.

ಅವಳು ಕೊಡಪಾನ ಕೆಳಗಿಳಿಸಿಕೊಂಡು, ಸಾಸಿವೆ ಡಬ್ಬವನ್ನು ಅದರ ಹಳೆಯ ಜಾಗಕ್ಕೆ ಇಟ್ಟಳು.

"ಟಿವಿ ಬರ್ಲಿ ಅಂತ ನಂಗೂ ಆಸೆ ಇತ್ತು ರೀ. ಆದ್ರೆ ಆ ಕರೆಂಟಿಲ್ಲದ ವಾರ ನೆನಪಾಯ್ತು. ಟಿವಿ ಬಂದ್ರೆ ಜೊತೆಗೆ ನೀವೂ ಬರ್ತೀರಿ. ಟಿವಿ ಆದ್ರೆ ಆಫ್ ಮಾಡ್ಬಹುದು."